ಗದಗಿನಲ್ಲಿ ಎರಡು ದಿನದ ಅಕ್ಕ

ಗದಗಿನ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜಿನಲ್ಲಿ ಒಂಟಿ ಹೆಂಗಸಿಗೆ ರೂಮು ಕೊಡುವುದಿಲ್ಲ ಎಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಮದುವೆ ಮುರಿದ ಮೇಲೆ ನಾನು ವರ್ಷಕ್ಕೊಮ್ಮೆ ತುಮಕೂರಿನಿಂದ ಒಬ್ಬಳೇ ಯಾವುದಾದರೂ ಊರು ನೋಡಲು ಹೊರಡುತ್ತೇನೆ. ಐವತ್ತು ದಾಟಿದರೂ ಎಲ್ಲ ಕಡೆ ಮೊದಲು ಕೇಳುವುದು, ಜೊತೆಗೆ ಯಾರೂ ಇಲ್ಲವಾ ಎಂದೇ. ಆಧಾರ್ ಕಾರ್ಡು ಮುಂದಿಟ್ಟು ವಾದ ಶುರು ಮಾಡಿದ್ದೆ. ಅಷ್ಟರಲ್ಲಿ ಬೆಂಚಿನ ಮೇಲೆ ಕೂತಿದ್ದ ಹಿರಿಯ ಹೆಂಗಸೊಬ್ಬರು ಎದ್ದು ಬಂದರು. ಇಳಕಲ್ ಸೀರೆ, ಕೈಯಲ್ಲಿ ವೈರಿನ ಬುಟ್ಟಿ, ಅರವತ್ತೈದರ ಆಸುಪಾಸು.

"ನಾವಿಬ್ರೂ ಕೂಡಿ ಇರ್ತೇವ್ರಿ, ಒಂದ ರೂಮ್ ಕೊಡ್ರಿ" ಎಂದರು ಮ್ಯಾನೇಜರಿಗೆ. ನನ್ನ ಕಡೆ ತಿರುಗಿ, "ಆಗೂದಿಲ್ಲೇನ್ರಿ ಬಾಯಾರ? ನನಗೂ ಇಲ್ಲ ಅಂದಾನ" ಎಂದರು.

ಆಗುತ್ತದೆ ಎಂದೆ. ಹಾಗೆ ಶುರುವಾಯಿತು.

ಅವರು ಹುಟ್ಟಿದ್ದು ಗದಗಿಗೆ ಅಂಟಿಕೊಂಡ ಬೆಟಗೇರಿಯ ನೇಕಾರರ ಮನೆಯಲ್ಲಿ, ಕೊಟ್ಟದ್ದು ಕುಷ್ಟಗಿ ಕಡೆಯ ಹಳ್ಳಿಗೆ. ತವರಿಗೆ ಹೋಗಿ ಬರುತ್ತೇನೆಂದು ಹೇಳಿ ಬಂದಿದ್ದರು. ತವರಿನಲ್ಲಿ ಅಣ್ಣ ತೀರಿಕೊಂಡಿದ್ದ. ಅವನ ಮಗನ ಮನೆ ಇದೇ ಊರಿನಲ್ಲಿದ್ದರೂ ಅಲ್ಲಿಗೆ ಹೋಗುವ ಮನಸ್ಸು ಅವರಿಗಿರಲಿಲ್ಲ.

"ಅಲ್ಲಿ ಹೋದ್ರ ಅಡಗಿಮನಿ, ಇಲ್ಲಿ ಬಂದ್ರೂ ಅಡಗಿಮನಿ" ಎಂದರು. "ನಾ ಒಂದೆರಡ ದಿನ ಸುಮ್ನ ಅಡ್ಡಾಡಾಕ ಬಂದೇನಿ. ಮನ್ಯಾಗ ಹಂಗ ಹೇಳಾಕ ಬರ್ತೈತೇನ್ರಿ?"

ಅವರು ಲಕ್ಕುಂಡಿ ನೋಡಿರಲಿಲ್ಲ. ಪಕ್ಕದಲ್ಲೇ ಹುಟ್ಟಿ ಬೆಳೆದವರು. ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹಿಡಿದೆವು. ಗುಡಿಗಳನ್ನು ಅವರು ಬೇಗ ಬೇಗ ಮುಗಿಸಿದರು. ಮನಸ್ಸು ನಿಂತಿದ್ದು ಮೆಟ್ಟಿಲ ಬಾವಿಯಲ್ಲಿ. ಸೀರೆಯ ನೆರಿಗೆ ಎತ್ತಿ ಹಿಡಿದು, ನನ್ನ ಭುಜದ ಮೇಲೆ ಕೈಯೂರಿ, ಒಂದೊಂದೇ ಮೆಟ್ಟಿಲು ಅಡ್ಡಡ್ಡ ಇಳಿದು ನೀರಿನ ಹತ್ತಿರ ಕೂತರು.

"ಸಣ್ಣಾಕಿ ಇದ್ದಾಗ ಮಗ್ಗಕ್ಕ ನೂಲಿನ ಕಂಡಿಕಿ ಸುತ್ತಿದೆ. ಮದಿವ್ಯಾದ ಮ್ಯಾಲ ರೊಟ್ಟಿ ಬಡದೆ. ಹಿಂಗ ಕೆಲಸ ಇಲ್ದ ಕುಂತದ್ದ ನೆನಪಿಲ್ಲ ನೋಡ ತಂಗಿ."

ಬಾಯಾರು ಹೋಗಿ ತಂಗಿ ಬಂದದ್ದು ಅಲ್ಲಿ. ನಾನೂ ಅಕ್ಕಾ ಎನ್ನತೊಡಗಿದೆ. ನನ್ನ ಒಡಹುಟ್ಟಿದವರು ಯಾರೂ ವಿಚ್ಛೇದನದ ನಂತರ ನನ್ನೊಂದಿಗೆ ನೆಟ್ಟಗೆ ಮಾತಾಡಿಲ್ಲ. ಹಾಗಾಗಿ ಆ ಒಂದು ಮಾತಿಗೆ ನಾನು ಬೇಗ ಸೋತೆ ಅಂತ ಈಗ ಅನ್ನಿಸುತ್ತದೆ. ಆ ಸಂಜೆ ಗಿರಮಿಟ್ ತಿನ್ನುತ್ತಾ, ಯಾರಿಗೂ ಹೇಳದ ಸಂಗತಿಗಳನ್ನು ಅವರಿಗೆ ಹೇಳಿದೆ. ಗಂಡ ಏನಾದ ಎಂದು ಅವರು ಕೇಳಿರಲಿಲ್ಲ, ನಾನೇ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಬಿಟ್ಟಿದ್ದ ಚಲೋ ಆತು" ಎಂದಷ್ಟೇ ಹೇಳಿ, ತಮ್ಮ ಪಾಲಿನ ಮಿರ್ಚಿ ಭಜಿ ನನ್ನ ಕಡೆ ಸರಿಸಿದರು.

ಮರುದಿನ ಶಿರಹಟ್ಟಿಯ ಮಠಕ್ಕೆ ಹೋದೆವು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಆ ಗದ್ದಲದಲ್ಲಿ ಅವರು ಕೊರಳಿನ ಬಂಗಾರದ ಸರ ಬಿಚ್ಚಿ ನನ್ನ ಕೈಗೆ ಕೊಟ್ಟು, "ನಿನ್ನ ಚೀಲ ಗಟ್ಟಿ ಐತಿ, ಅದರಾಗ ಇಟ್ಕೊ" ಎಂದರು. ಇಳಿದ ಮೇಲೆ ನಾನೇ ಅವರ ಕೊರಳಿಗೆ ಹಾಕಿದೆ. ಮಠದ ಅಂಗಳದಲ್ಲಿ ಊಟ ಮಾಡಿ, ಲಕ್ಷ್ಮೇಶ್ವರಕ್ಕೂ ಹೋಗಿ, ಕತ್ತಲಾಗುವಷ್ಟರಲ್ಲಿ ಗದಗಿಗೆ ಮರಳಿದೆವು. ಮುಂದಿನ ವರ್ಷ ಬದಾಮಿ ಎಂದು ಅವರೇ ಗೊತ್ತು ಮಾಡಿ, ನನ್ನ ಫೋನ್ ನಂಬರನ್ನು ಚೀಟಿಯಲ್ಲಿ ಬರೆಸಿಕೊಂಡರು.

ಮೂರನೆಯ ಬೆಳಿಗ್ಗೆ ಅವರ ಫೋನಿಗೆ ಮಗನ ಕರೆ ಬಂತು. ಯಾರೋ ಸಂಬಂಧಿಕರು ಅವರನ್ನು ಶಿರಹಟ್ಟಿಯಲ್ಲಿ ಕಂಡು ಸುದ್ದಿ ಮುಟ್ಟಿಸಿದ್ದರು. ಅಣ್ಣನ ಮಗನನ್ನು ಕೇಳಿದರೆ ಅತ್ತೆ ಬಂದೇ ಇಲ್ಲ ಎಂದಿದ್ದ. ಅಕ್ಕ ಲಾಡ್ಜಿನ ಹೆಸರು ಹೇಳಿ ಫೋನಿಟ್ಟು ಮಂಚದ ಮೇಲೆ ಕೂತರು. ಚಹಾ ತರಿಸಿದೆ, ಮುಟ್ಟಲಿಲ್ಲ. "ಹೆದರಬೇಡಿ ಅಕ್ಕಾ, ನಾನೂ ಮಾತಾಡ್ತೀನಿ" ಎಂದೆ.

ಕಾರಿನಲ್ಲಿ ಮಗ ಮತ್ತು ಸೊಸೆ ಬಂದರು. ಕೆಳಗಿನ ಕೌಂಟರಿನ ಹತ್ತಿರವೇ ಎಲ್ಲರೂ ನಿಂತೆವು. ಮಗ ತಾಯಿಯನ್ನು ಬಿಟ್ಟು ನನ್ನ ಕಡೆ ತಿರುಗಿದ.

"ಯಾರ್ರಿ ನೀವು? ನಮ್ಮವ್ವನ್ನ ಎಲ್ಲೆಲ್ಲಿ ಕರಕೊಂಡ ತಿರಗಾಕತ್ತೀರಿ?"

"ನಾವು ಇಲ್ಲೇ ಪರಿಚಯ ಆದವರು. ಇಬ್ಬರೂ ಸೇರಿ—"

"ನಿಮ್ಮನ್ನಲ್ಲ, ಅಕಿನ್ನ ಕೇಳಾಕತ್ತೇನಿ. ಏನವ್ವಾ, ಹೇಳ."

ಮೊದಲು ಕೇಳಿದ್ದು ನನ್ನನ್ನೇ. ಆದರೂ ಉತ್ತರವನ್ನು ಅವರಿಗೇ ಬಿಟ್ಟೆ. ಅಕ್ಕ ನಿಜ ಹೇಳುತ್ತಾರೆ, ಅಥವಾ ಏನೂ ಹೇಳುವುದಿಲ್ಲ ಎಂದುಕೊಂಡೆ. ಅವರು ಬುಟ್ಟಿಯ ಹಿಡಿಕೆ ತಿರುವುತ್ತಾ ನಿಂತರು.

"ನಾ ಒಲ್ಲೆ ಒಲ್ಲೆ ಅಂದೆ" ಎಂದರು. "ನಾ ನಮ್ಮ ತಮ್ಮನ ಮಗನ ಮನಿಗೆ ಹೊಂಟಿದ್ದೆ. ಈ ಬಾಯಾರ ಬಿಡಲಿಲ್ಲ. ಬರ್ರಿ ಬರ್ರಿ ಅಂತ ಗಂಟ ಬಿದ್ರು."

ಹೆದರಿಕೆಯಲ್ಲಿ ಸಂಬಂಧವೇ ಕಲಸಿಹೋಗಿತ್ತು, ಅಣ್ಣ ತಮ್ಮನಾಗಿದ್ದ. ಆದರೆ ಮುಖ್ಯ ಮಾತು ಎಲ್ಲರಿಗೂ ತಿಳಿಯಿತು. ಮ್ಯಾನೇಜರು ರಿಜಿಸ್ಟರಿನಿಂದ ತಲೆ ಎತ್ತಿ ನನ್ನನ್ನು ನೋಡಿದ. ಸೊಸೆ ಮೆಲ್ಲಗೆ, "ಅತ್ತಿ, ಬಳಿ, ಸರ ಎಲ್ಲಾ ಅದಾವಿಲ್ಲ ನೋಡ್ಕೊರಿ" ಎಂದಳು.

ಅವಳು ಹಾಗೆ ಕೇಳಿದ್ದು ನನಗೆ ದೊಡ್ಡದಾಗಲಿಲ್ಲ. ಅವಳು ನನ್ನನ್ನು ಕಂಡವಳಲ್ಲ. ಆದರೆ ಅಕ್ಕ ಕೈ ಎತ್ತಿದರು. ಕೊರಳಿನ ಸರವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಬಳೆಗಳನ್ನು ಒಂದೊಂದಾಗಿ ಸರಿಸಿ ನೋಡಿದರು. ಆಮೇಲೆ, "ಅದಾವ" ಎಂದರು.

ಕಾರಿನ ಬಾಗಿಲು ಹಾಕುವವರೆಗೂ ಅವರು ನನ್ನ ಮುಖ ನೋಡಲಿಲ್ಲ. ಕಾರು ಹೋದ ಮೇಲೆ ಮ್ಯಾನೇಜರು, "ರೂಮ್ ಖಾಲಿ ಮಾಡ್ರಿ ಬಾಯಾರ, ನಮಗ್ಯಾಕ ಈ ಗದ್ದಲ" ಎಂದ. ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಬಂದು, ಮೊದಲು ಹೊರಟ ಬಸ್ಸು ಹತ್ತಿದೆ. ಅದು ಮುಂಡರಗಿಗೆ ಹೋಗುತ್ತಿತ್ತು. ಅಲ್ಲಿ ಇಳಿದು, ಒಂದು ಹೋಟೆಲಿನಲ್ಲಿ ಚಹಾ ಕುಡಿದು, ಅದೇ ದಾರಿಯಲ್ಲಿ ವಾಪಸು ಬಂದೆ. ಆ ಊರಿನದು ಏನೂ ನೆನಪಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ನೆರೆಮನೆಯವರ ಫೋನಂತೆ, ಅಕ್ಕ ದನಿ ತಗ್ಗಿಸಿ ಮಾತಾಡುತ್ತಿದ್ದರು.

"ತಂಗಿ, ಸಿಟ್ಟ ಐತೇನ?"

ನಾನು ಎದ್ದು ಕಿಟಕಿ ಮುಚ್ಚಿದೆ.

"ನಿನಗೇನ ತಂಗಿ, ಎರಡ ಮಾತ ಕೇಳಿ ನಿನ್ನೂರಿಗೆ ಹೋದಿ. ನಾ ಈ ಮನ್ಯಾಗ ಇರಬೇಕಲ್ಲ. ನಿನ್ನನ್ನ ಕೇಳವರ ಯಾರದಾರ?"

ಖಂಡಿತ ಚುಚ್ಚಬೇಕೆಂದು ಹೇಳಿದ ಮಾತಲ್ಲ ಅದು. ಅವರ ಲೆಕ್ಕದಲ್ಲಿ ಅದೇ ಸಮಾಧಾನ. ನಾನೇ ಹೇಳಿಕೊಂಡಿದ್ದೆನಲ್ಲ, ಕೇಳುವವರು ಯಾರೂ ಇಲ್ಲವೆಂದು. ಬೈಸಿಕೊಳ್ಳಲು ಅಂಥವಳೇ ಸರಿ ಎಂದು ಅವರಿಗೆ ಆ ಕೌಂಟರಿನ ಮುಂದೆ ಹೊಳೆದಿರಬೇಕು.

"ಇರಲಿ ಬಿಡಿ" ಎಂದೆ.

"ಅಕ್ಕಾ ಅನ್ನೂದಿಲ್ಲೇನ?"

ಹೊರಗೆ ಯಾರೋ ಬಂದಿದ್ದಾರೆ ಎಂದು ಹೇಳಿ ಫೋನಿಟ್ಟೆ. ಯಾರೂ ಬಂದಿರಲಿಲ್ಲ. ಆ ನಂಬರಿನಿಂದ ಮತ್ತೆರಡು ಸಲ ಕರೆ ಬಂತು. ಎರಡು ಸಲವೂ ಅದು ನಿಲ್ಲುವವರೆಗೆ ಫೋನನ್ನು ನೋಡುತ್ತಾ ಕೂತಿದ್ದೆ.