ಆಲದ ಕೊಂಬೆಯ ಚೀಲಗಳು

ತೊಂಬತ್ತರ ದಶಕದ ಒಂದು ಚಳಿಗಾಲ. ಯಾವ ವರ್ಷವೆಂದು ಖಚಿತವಾಗಿ ಹೇಳಿದರೆ ಸುಳ್ಳಾದೀತು. ಪಾಂಡವಪುರದ ಕಡೆ, ನಾಲೆಯ ಪಕ್ಕದ ಉದ್ಯಾನದಲ್ಲಿ ಹಕ್ಕಿಗಳ ಕಾಲಿಗೆ ಗುರುತಿನ ಉಂಗುರ ತೊಡಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಬಲೆಗೆ ಬಿದ್ದ ಹಕ್ಕಿಯನ್ನು ಬಿಡಿಸಿ ಬಟ್ಟೆಚೀಲಕ್ಕೆ ಹಾಕುತ್ತಿದ್ದೆವು; ಕತ್ತಲಲ್ಲಿ ಅದು ಸುಮ್ಮನಾಗುತ್ತದೆ. ಸರದಿ ಬರುವವರೆಗೆ ಚೀಲಗಳು ಆಲದ ಕೊಂಬೆಯಲ್ಲಿ ತೂಗುತ್ತಿದ್ದವು. ಕೊಂಬೆ ಕೈಗೆಟುಕುತ್ತಿತ್ತು, ಅಷ್ಟೇ ಕಾರಣ.

ಅದೇ ಮರದಲ್ಲಿ ಬೇರೆ ಗಂಟುಗಳೂ ಇದ್ದವು. ಹಸು ಈದಾಗ ಬೀಳುವ ಮಾಸನ್ನು ಗೋಣಿಯಲ್ಲಿ ಕಟ್ಟಿ ಆಲಕ್ಕೆ ತೂಗುಹಾಕಿದರೆ ಕೆಚ್ಚಲಿಗೆ ಹಾಲಿಳಿಯುತ್ತದೆಂಬುದು ಅಲ್ಲಿಯವರ ನಂಬಿಕೆ. ನಮಗೆ ಅವುಗಳ ವಾಸನೆಯಷ್ಟೇ ಗೊತ್ತಿತ್ತು.

ಒಂದು ಬೆಳಿಗ್ಗೆ ಉದ್ಯಾನದ ಹಿಂದಿನ ಮನೆಯ ಹೆಂಗಸೊಬ್ಬರು ಮಂಜಿನೊಳಗಿಂದ ಬಂದು ನಮ್ಮ ಚೀಲಗಳ ಮುಂದೆ ನಿಂತುಬಿಟ್ಟರು. ಅವರಿಗಿದ್ದದ್ದು ಒಂದೇ ಹಸು. ಕರು ಸತ್ತೇ ಹುಟ್ಟಿತ್ತು; ಮಾಸಿನ ಗಂಟನ್ನು ಇದೇ ಆಲಕ್ಕೆ ಕಟ್ಟಿ ಹೋಗಿದ್ದರು. ಕೆಚ್ಚಲು ಕಲ್ಲಾಗಿ ಹಸು ಮೇವು ಬಿಟ್ಟಿತ್ತು. ಹಾಲಿಳಿಯದಿದ್ದರೆ ಅದೂ ಉಳಿಯುವಂತಿರಲಿಲ್ಲ.

"ಉಸ್ರಾಡ್ತಾ ಅದೆ ಕಣಪ್ಪ, ನಮ್ದು," ಎಂದರು ನನಗೆ, ಅಲುಗಾಡುತ್ತಿದ್ದ ನಮ್ಮ ಚೀಲವೊಂದನ್ನು ತೋರಿಸಿ.

ನಮ್ಮ ತಂಡದ ಹಿರಿಯರು ಆ ಚೀಲ ಬಿಚ್ಚಿ ಮಡಿವಾಳ ಹಕ್ಕಿಯನ್ನು ತೋರಿಸಿದರು, ಅವರೆದುರೇ ಉಂಗುರ ತೊಡಿಸಿದರು. ಆಕೆ ಎಲ್ಲವನ್ನೂ ನೋಡಿ, ಹಸು ಒಂದು ಸಲ ಮೂಸಲಿ, ಸಾಕು ಎಂದರು. ಹಿರಿಯರು ಹಕ್ಕಿಯನ್ನು ಮತ್ತೆ ಚೀಲಕ್ಕೆ ಹಾಕಿ ನನ್ನ ಕೈಗಿತ್ತು, ತಾವೂ ಜೊತೆಗೆ ಹೊರಟರು.

ಇಲ್ಲಿಯವರೆಗಿನದನ್ನು ನಂಬಬಹುದು. ಮುಂದಿನದು ಇಷ್ಟು ಸ್ಪಷ್ಟವಾಗಿ ನೆನಪಿರುವುದರಿಂದಲೇ ನನಗೆ ಅನುಮಾನ.

ಕೊಟ್ಟಿಗೆಯಲ್ಲಿ ಹಸು ಚೀಲವನ್ನು ಮೂಸಿತು. ಆಮೇಲೆ ನೆಕ್ಕತೊಡಗಿತು, ಹುಟ್ಟಿದ ಕರುವನ್ನು ನೆಕ್ಕುವ ಹಾಗೆ, ಒಂದೇ ದಿಕ್ಕಿಗೆ. ಬಟ್ಟೆ ಒದ್ದೆಯಾಯಿತು. ಅಂಗೈಯಲ್ಲಿ ಹೊಡೆದುಕೊಳ್ಳುತ್ತಿದ್ದ ಎದೆ ಹಕ್ಕಿಯದೋ ನನ್ನದೋ ತಿಳಿಯಲಿಲ್ಲ. ಆಕೆ ಹಸುವಿನ ಮೊಲೆ ಹಿಡಿದರು. ಮೊದಲು ಗಟ್ಟಿ ಗಿಣ್ಣು ತೊಟ್ಟಿಕ್ಕಿತು, ಆಮೇಲೆ ಧಾರೆ.

ಹಕ್ಕಿ ನೆನೆದರೆ ಚಳಿಗೆ ಸಾಯುತ್ತದೆಂದು ಹಿರಿಯರು ಮೆಲ್ಲಗೆ ಹೇಳಿ, ಬಿಡು ಎಂದು ಸನ್ನೆ ಮಾಡಿದರು. ಚೀಲದ ಬಾಯಿ ಬಿಚ್ಚಿದೆ. ಹಕ್ಕಿ ಹೊರಗೆ ಹಾರಲಿಲ್ಲ. ಜಂತೆಯ ಮೇಲೆ ಕೂತಿತು.

ಹಸು ಕತ್ತೆತ್ತಿ ಅದನ್ನೇ ನೋಡುತ್ತಾ ಗಂಟಲಲ್ಲೇ ಕೂಗಿತು, ಕರುವನ್ನು ಮಾತ್ರ ಕರೆಯುವ ದನಿಯಲ್ಲಿ. ಯಾರೂ ಮುಟ್ಟದೆಯೇ ನಾಲ್ಕೂ ಮೊಲೆಗಳಿಂದ ಹಾಲು ನೆಲಕ್ಕೆ ಸುರಿಯತೊಡಗಿತು.

"ಯಾರೂ ಮಾತಾಡ್ಬ್ಯಾಡಿ," ಎಂದರು ಆಕೆ, ಪಾತ್ರೆಯನ್ನು ಕೆಳಗೆ ತಳ್ಳುತ್ತಾ. "ಅದು ಇರೋಗಂಟ ಇರ್ಲಿ."

ಹಕ್ಕಿ ಒಂದು ರೆಕ್ಕೆ ಕೊಡವಿ ಒಣಗಿಸಿಕೊಂಡಿತು. ಆಮೇಲೆ ಇನ್ನೊಂದು. ಆಕೆಯ ಕೈಗಳು ಇನ್ನಷ್ಟು ಬೇಗ ಹಾಲು ಕರೆಯತೊಡಗಿದವು.