ಎಸೆಯಬೇಕಿದ್ದ ಮೊದಲ ಬಡಿತ

ಶೈಲಜಾ, ನಿನ್ನ ಗೆರೆ ತಪ್ಪಿರಲಿಲ್ಲ. ನಾನು ಸುಳ್ಳು ಹೇಳಿದೆ — ಅದೂ ತಿಳಿದೂ ತಿಳಿದೂ.

ತೊಂಬತ್ತರ ದಶಕದ ಕೊನೆ. ಪುಣೆಯ ನಮ್ಮ ಪ್ರಯೋಗಾಲಯದಲ್ಲಿ ಹೃದಯದೊಳಗೆ ರಕ್ತ ಹರಿಯುವ ಬಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಚಿತ್ರವಾಗಿಸುತ್ತಿದ್ದೆವು. ಸ್ಕ್ಯಾನಿನಲ್ಲಿ ಮಸುಕಾಗಿ ಕಾಣುವ ಹೃದಯದ ಗೋಡೆಯನ್ನು ನೀನು ಗೆರೆ ಎಳೆದು ಗುರುತಿಸುತ್ತಿದ್ದೆ. ಆ ಗೆರೆಯೊಳಗೆ ನಾನು ರಕ್ತ ಹರಿಸುತ್ತಿದ್ದೆ. ಬಿಜಾಪುರದಿಂದ ಬಂದ ನಿನ್ನ ಪಿಎಚ್.ಡಿ.ಗೆ ನಾನೇ ಮಾರ್ಗದರ್ಶಕ — ಎಂಥ ಯೋಗ್ಯ!

ಲೆಕ್ಕದ ರಕ್ತ ನಿಂತಲ್ಲಿಂದ ಹೊರಡುತ್ತದೆ, ನಿಜವಾದ ಸುಳಿಗಳು ಮೂಡಲು ಕೆಲವು ಬಡಿತ ಬೇಕು. ಹಾಗಾಗಿ ಮೊದಮೊದಲ ಬಡಿತಗಳನ್ನು ನಂಬದೆ ಎಸೆಯಬೇಕು, ಕಾವಲಿ ಕಾಯುವ ಮೊದಲು ಹೊಯ್ದ ದೋಸೆಯಂತೆ. ಇದನ್ನು ನಿನಗೆ ಕಲಿಸಿದವನೇ ನಾನು. ಆದರೆ ನನ್ನ ಪ್ರೋಗ್ರಾಂ ಎರಡನೇ ಬಡಿತ ದಾಟುತ್ತಿರಲಿಲ್ಲ, ಕುಸಿದು ಬೀಳುತ್ತಿತ್ತು. ಯಾರಿಗೂ ಹೇಳಲಿಲ್ಲ — ನಿನಗೂ. ಮೊದಲ ಬಡಿತಕ್ಕೇ ಕೆಂಪು, ನೀಲಿ ಬಳಿದು ನಮ್ಮ ಕೆಲಸ ಪರಿಶೀಲಿಸುವ ಸಮಿತಿಯ ಮುಂದಿಟ್ಟೆ. ಆ ಕೋಲೆಬಸವಗಳು ತಲೆದೂಗಿ ಚಪ್ಪಾಳೆ ತಟ್ಟಿದವು. ಹೃದಯತಜ್ಞರೊಬ್ಬರು ಮಾತ್ರ ಅದೇ ರೋಗಿಯ ಸ್ಕ್ಯಾನನ್ನು ನನ್ನ ಚಿತ್ರದ ಪಕ್ಕದಲ್ಲಿಟ್ಟು ಕೇಳಿದರು: ನಿಜವಾದ ಹೃದಯದಲ್ಲಿರುವ ಸುಳಿ ನಿಮ್ಮದರಲ್ಲಿ ಎಲ್ಲಿ?

ನಾನು ತಡವರಿಸಲೂ ಇಲ್ಲ. "ಗೋಡೆಯ ಗೆರೆ ಎಳೆಯುವಾಗ ನನ್ನ ವಿದ್ಯಾರ್ಥಿನಿ ತಪ್ಪಿದ್ದಾಳೆ" ಎಂದೆ.

ನೀನು ಅಲ್ಲೇ ಕೂತಿದ್ದೆ. ನಿನ್ನನ್ನು ತೆಗೆದುಹಾಕಿದರು, ಪಿಎಚ್.ಡಿ. ಅಲ್ಲಿಗೇ ನಿಂತಿತು. ನನಗೆ ಬಡ್ತಿ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ — ಅವಳೇ ವಾಸಿ, ನೆಲಕ್ಕೆ ನೋವಾಗುವುದಿಲ್ಲ.

ವರ್ಷಗಳ ಮೇಲೆ ಪುಣೆಯದೇ ವಿಮಾನ ನಗರ ಬಡಾವಣೆಯಲ್ಲಿ ನೀನು ಸಿಕ್ಕೆ. ಹೇಡಿ ನಾನು, ಕಂಡೂ ಕಾಣದಂತೆ ಅಂಗಡಿಯೊಂದಕ್ಕೆ ನುಸುಳುತ್ತಿದ್ದೆ, ನೀನೇ ಕರೆದೆ.

"ಸರ್, ಆರಾಮ ಇದ್ದೀರ್ರಿ? ನಾ ಈಗ ಶಾಲ್ಯಾಗ ಗಣಿತ ಕಲಸ್ತೀನ್ರಿ. ಆದ್ರ ಆ ಗೆರಿ ಎಲ್ಲಿ ತಪ್ಪಿತೋ ಇನ್ನೂ ತಿಳೀವಲ್ದು ನೋಡ್ರಿ. ನಿಮ್ಮ ಹೆಸರಿಗೂ ಭಾಳ ಕುಂದು ತಂದೆ."

ಆಮೇಲೆ ಪುಟ್ಟ ಮಗಳ ಕಡೆ ತಿರುಗಿ, "ಇವ್ರು ನಮ್ಮ ಗುರುಗಳವಾ, ಕಾಲಿಗೆ ಬೀಳು" ಎಂದೆ.

ಬಿದ್ದಳು. ಆಗಲಾದರೂ ಬಾಯಿ ಬಿಡಬಹುದಿತ್ತು — ಇಲ್ಲ. "ಇರ್ಲಿ ಬಿಡವಾ, ತಪ್ಪು ಎಲ್ಲಾರ ಕಡಿಂದನೂ ಆಗ್ತಾವ" ಎಂದು ದೊಡ್ಡ ಮನಸ್ಸು ಮಾಡಿ ನಿನ್ನನ್ನು ಕ್ಷಮಿಸಿದೆ. ಮಗುವಿನ ತಲೆ ಮುಟ್ಟಿ ಹರಸಿದೆ. ಥೂ!

ನಿನ್ನ ಕ್ಷಮೆ ಕೇಳುವುದಿಲ್ಲ. ಈ ಪತ್ರವನ್ನು ಮಗಳ ಕೈಗೂ ಕೊಡು, ಶೈಲಜಾ. ಅಂದು ತಾನು ಎಂಥವನ ಕಾಲಿಗೆ ಬಿದ್ದೆನೆಂದು ಅವಳಿಗೂ ತಿಳಿಯಲಿ.