ಹಗ್ಗವಿಲ್ಲದ ರಾಟೆ

ದೆವ್ವ, ಪೀಡೆ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೊರಗೆ ಹೋಗುವವನು. ಹೆಲ್ತ್ ಇನ್‌ಸ್ಪೆಕ್ಟರ್ ಆಗಿದ್ದವನಿಗೆ ವಾಂತಿಭೇದಿ ನೀರಿನಿಂದ ಬರುತ್ತದೆಯೇ ಹೊರತು ಮಾರಿಯ ಮುನಿಸಿನಿಂದಲ್ಲ ಎಂದು ಗೊತ್ತಿರುತ್ತದೆ. ಈಗಲೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಒಂದು ಸಂಜೆಯ ಸಂಗತಿಗೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ. ನೀವು ನಗುವುದಾದರೆ ನಗಿ.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ದುದ್ದದ ಆಚೆಯ ಹಳ್ಳಿಯೊಂದರಲ್ಲಿ ವಾಂತಿಭೇದಿ ಎಂದು ಸುದ್ದಿ ಬಂತು. ಬ್ಲೀಚಿಂಗ್ ಪೌಡರು, ಮಾತ್ರೆ ಎಲ್ಲವನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಹಾಸನದಿಂದ ಹೊರಟೆ. ಹೋಗಿ ನೋಡಿದರೆ ರೋಗವೆಲ್ಲ ಊರಾಚೆಯ ಕೇರಿಯಲ್ಲಿ. ಆಗಲೇ ಇಬ್ಬರು ಸತ್ತಿದ್ದರು. ಕೆಂಪಮ್ಮ ಎಂಬ ಬಾಣಂತಿ ಕಣ್ಣು ಗುಳಿಬಿದ್ದು ಚಾಪೆಯ ಮೇಲೆ ಮಲಗಿ, ನೀರು ನೀರು ಎನ್ನುತ್ತಿದ್ದಳು. ಅವಳ ಅತ್ತೆ ಕುಡಿಸುತ್ತಿದ್ದದ್ದು ರಸ್ತೆ ಬದಿಯ ಗುಂಡಿಯ ನೀರು. ರೋಗಿಗಳ ಬಟ್ಟೆ ಒಗೆಯುತ್ತಿದ್ದದ್ದೂ ಅದೇ ಗುಂಡಿಯಲ್ಲಿ! ಆ ಕೆಸರಿಗೆ ಎಷ್ಟು ಪುಡಿ ಸುರಿದರೂ ದಂಡ.

ಊರೊಳಗೆ, ಪಟೇಲರ ಮನೆಯೆದುರು, ಒಳ್ಳೆಯ ಬಾವಿ ಇತ್ತು. ಕೇರಿಯವರು ಅದನ್ನು ಮುಟ್ಟುವಂತಿರಲಿಲ್ಲ. ಕೊಡ ಇಟ್ಟು ದೂರ ನಿಂತರೆ ಊರಿನ ಹೆಂಗಸರು ಸೇದಿ ಮೇಲಿನಿಂದ ಹುಯ್ಯುತ್ತಿದ್ದರು. ಕಾಯಿಲೆ ತಗಲುತ್ತದೆಂದು ಈಗ ಅದನ್ನೂ ನಿಲ್ಲಿಸಿದ್ದರು. ನೀರಿಲ್ಲದೆ ಜೀವ ಹೋಗುವ ರೋಗ ಬಂದಾಗಲೇ ನೀರು ನಿಲ್ಲಿಸಿದ ಪುಣ್ಯಾತ್ಮರು! ಅಸ್ಪೃಶ್ಯತೆ ಅಪರಾಧವೆಂಬ ಕಾನೂನು ಆಗಲೇ ಬಂದಿತ್ತು.

ಬಾವಿಗೆ ಪುಡಿ ಹಾಕಿ, ಸಂಜೆಯವರೆಗೆ ಯಾರೂ ಸೇದಬೇಡಿ ಎಂದೆ. ಪಟೇಲರು ಹಗ್ಗ, ಬಕೀಟನ್ನು ಬಿಚ್ಚಿ ತಮ್ಮ ಮನೆಯ ಜಗಲಿಗೆ ತರಿಸಿಟ್ಟರು. ಸಂಜೆ ಹೋಗಿ, ನಾನೇ ಸೇದಿ ಕೇರಿಗೆ ಕೊಡುತ್ತೇನೆ, ಹಗ್ಗ ಕೊಡಿ ಎಂದೆ.

"ನೀವೇನೋ ಓಯ್ತೀರಿ ಸಾ. ನಾಳೀಕೆ ಅವ್ರು ಬಾವಿ ಕಟ್ಟೆಗೇ ಬತ್ತಾರೆ" ಎಂದರು.

ಕಾನೂನಿನ ಮಾತೆತ್ತಿದೆ. "ಕಾನೂನು ಆಸನದ ಕಚೇರೀಲೈತೆ, ಬಾವಿ ಇಲ್ಲೈತೆ" ಎಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅಲ್ಲಿ ಒಂದು ಜೀವ ಒಣಗಿ ಸಾಯುತ್ತಿದೆ, ಇಲ್ಲಿ ಈ ಮನುಷ್ಯ ಅಡಿಕೆ ಅಗಿಯುತ್ತಿದ್ದಾನೆ.

ಆಗ ಎದುರಿನ ಬಾವಿಯ ರಾಟೆ ಕಿರುಗುಟ್ಟಿತು. ಇಬ್ಬರೂ ತಿರುಗಿ ನೋಡಿದೆವು. ಇನ್ನೂ ಚೆನ್ನಾಗಿ ಬೆಳಕಿತ್ತು, ಗಾಳಿ ಇರಲಿಲ್ಲ, ಬಾವಿಯ ಹತ್ತಿರ ಯಾರೂ ಇರಲಿಲ್ಲ. ಹಗ್ಗ ನಮ್ಮ ಕಾಲ ಬುಡದಲ್ಲೇ ಬಿದ್ದಿತ್ತು. ರಾಟೆ ಸುಮ್ಮನೆ ಗಿರ್ರನೆ ತಿರುಗಲಿಲ್ಲ; ಕೈ ಬದಲಾಯಿಸುತ್ತ ಸೇದುವಾಗ ತಿರುಗುವಂತೆ, ನಿಂತು ನಿಂತು ತಿರುಗಿತು. ಪಟೇಲರ ಬಾಯಿ ತೆರೆದೇ ಇತ್ತು. ಸದ್ದು ನಿಂತ ಮೇಲೆ ಹೋಗಿ ನೋಡಿದೆ. ಮಧ್ಯಾಹ್ನದಿಂದ ಒಣಗಿದ್ದ ಕಟ್ಟೆಯ ಕಲ್ಲು ನೆನೆದಿತ್ತು.

ಕೇರಿಗೆ ಓಡಿದೆ. ಕೆಂಪಮ್ಮನ ಬಾಗಿಲಲ್ಲಿ ಅವರದೇ ಕೊಡ ತುಂಬಿ ನಿಂತಿತ್ತು. ಬಗ್ಗಿ ಮೂಸಿದೆ. ಬ್ಲೀಚಿಂಗ್ ಪೌಡರಿನ ಘಾಟು. ಆ ಊರಲ್ಲಿ ನಾನು ಪುಡಿ ಹಾಕಿದ್ದು ಒಂದೇ ಬಾವಿಗೆ. ಅದೇ ನೀರಲ್ಲಿ ತೆಳು ಗಂಜಿ ಕಾಯಿಸಿ, ಉಪ್ಪು ಹಾಕಿ, ರಾತ್ರಿಯೆಲ್ಲ ಗುಟುಕು ಗುಟುಕಾಗಿ ಕುಡಿಸಿದೆವು. ಮರುದಿನ ಆಸ್ಪತ್ರೆಯಿಂದ ಸಲೈನ್ ಬರುವವರೆಗೆ ಜೀವ ಹಿಡಿದುಕೊಂಡಳು, ಬದುಕಿದಳು.

ಬೆಳಿಗ್ಗೆ ಊರಿನವರು ಏನು ಮಾಡಿದರು ಗೊತ್ತೇ? ಮೈಲಿಗೆ ಕಳೆಯಲೆಂದು ಬಾವಿಗೆ ದನದ ಗಂಜಲ ಸುರಿದರು. ನಾನು ಪುಡಿ ಹಾಕಿ ಚೊಕ್ಕಟ ಮಾಡಿದ್ದ ಬಾವಿಗೆ, ವಾಂತಿಭೇದಿಯ ಕಾಲದಲ್ಲಿ! ಸೇದಿದ್ದು ಯಾರೆಂದು ಅವರಿಗೂ ತಿಳಿಯದು. ಬಾವಿ ಕೆಟ್ಟಿತು ಎಂಬುದು ಮಾತ್ರ ಖಂಡಿತವಾಗಿ ತಿಳಿದಿತ್ತು. ಬಾಯಿಗೆ ಬಂದಂತೆ ಬೈದು, ಉಳಿದ ಪುಡಿಯನ್ನೆಲ್ಲ ಮತ್ತೆ ಅದಕ್ಕೇ ಹಾಕಿದೆ.

ಬೇರೆ ಹಗ್ಗ, ಕಳ್ಳದಾರಿ, ಕಣ್ಣಿನ ಭ್ರಮೆ, ಎಲ್ಲವನ್ನೂ ಯೋಚಿಸಿ ನೋಡಿದ್ದೇನೆ. ಯಾವುದೂ ಹೊಂದುವುದಿಲ್ಲ. ಹೊರಡುವಾಗ ಕೆಂಪಮ್ಮನ ಅತ್ತೆಯನ್ನು, ಕೊಡ ತುಂಬಿದವರು ಯಾರಮ್ಮ ಎಂದು ಕೇಳಿದ್ದೆ. ಆಕೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

"ನಾನು ಒಳಗಿದ್ದೆ ಸಾ, ನೀರು ಉಯ್ಯೋ ಸದ್ದು ಕೇಳ್ತು, ಅಷ್ಟೇಯ. ಯಾರೋ ಏನೋ. ಊರೋರಂತೂ ಅಲ್ಲ ಬುಡಿ."

ನನಗೂ ಇವತ್ತಿನವರೆಗೆ ಗೊತ್ತಿರುವುದು ಅಷ್ಟೇ.